ರೂಟರಿಗೆ ನಾನು ಮಾಡಿದ ಚಿಕಿತ್ಸೆ

ಥಾಣೆಯ ಕಚೇರಿಯಲ್ಲಿ ನನ್ನ ಮೇಜಿನ ಮೇಲೆ ಎರಡೆರಡು ಕಂಪ್ಯೂಟರ್ ಪರದೆಗಳಿವೆ. ಹೀಗಾಗಿ ಡೊಂಬಿವಲಿಯ ನಮ್ಮ ಮನೆಯಲ್ಲಿ ಇಂಟರ್ನೆಟ್ ಕೈಕೊಟ್ಟರೆ ಅದನ್ನು ಸರಿಪಡಿಸುವ ಅಧಿಕಾರ ನನ್ನದೇ ಎಂದು ಪ್ರಾಮಾಣಿಕವಾಗಿ ನಂಬಿದ್ದೆ.

ಆ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಹೆಂಡತಿ ಸುಧಾಳಿಗೆ ಲ್ಯಾಪ್‌ಟಾಪಿನಲ್ಲಿ ಸಂದರ್ಶನವಿತ್ತು. ಏಳು ವರ್ಷ ಮನೆಯಲ್ಲಿದ್ದವಳು ಮತ್ತೆ ಶಾಲೆಯಲ್ಲಿ ಗಣಿತ ಕಲಿಸಲು ಹೊರಟಿದ್ದಳು. ಹತ್ತು ಗಂಟೆಗೆ ರೂಟರಿನ ಕೆಂಪು ದೀಪ ಹತ್ತಿತು.

“ಕೇಬಲ್‌ನವನಿಗೆ ಫೋನ್ ಮಾಡ್ರಿ,” ಎಂದಳು.

“ಇಷ್ಟಕ್ಕೆಲ್ಲ ಅವನ್ಯಾಕೆ? ಐದು ನಿಮಿಷ ಕೊಡು.”

ತಂತಿಗಳನ್ನೆಲ್ಲ ಕಿತ್ತು, ಒರೆಸಿ, ಮತ್ತೆ ಚುಚ್ಚಿದೆ. ಯಾವುದು ಎಲ್ಲಿತ್ತೆಂದು ನೋಡಿಟ್ಟುಕೊಳ್ಳುವ ಕ್ಷುದ್ರ ಕೆಲಸಕ್ಕೆ ನಾನು ಇಳಿಯಲಿಲ್ಲ. ಈಗ ಯಾವ ದೀಪವೂ ಹತ್ತಲಿಲ್ಲ. ಕೆಂಪಂತೂ ಹೋಯಿತಲ್ಲ! ಅದನ್ನೇ ಪ್ರಗತಿ ಎಂದು ಘೋಷಿಸಿದೆ. ಮತ್ತೆ ಅದಲುಬದಲು ಮಾಡಿದಾಗ ಕೆಂಪು ಮರಳಿತು. ಕೊನೆಗೆ ಹಿಂಬದಿಯ ಸಣ್ಣ ತೂತಿಗೆ ಸೇಫ್ಟಿ ಪಿನ್ ಚುಚ್ಚಿದೆ. ರೂಟರ್ ತನ್ನ ಹೆಸರು, ಪಾಸ್‌ವರ್ಡ್, ಪೂರ್ವಜನ್ಮ ಎಲ್ಲವನ್ನೂ ಮರೆತು ಹೊಸದಾಗಿ ಹುಟ್ಟಿತು.

“ಈಗ ಪಾಸ್‌ವರ್ಡ್ ಏನ್ರೀ?”

“ಅದು ಕೇಬಲ್‌ನವನಿಗೆ ಗೊತ್ತು.”

ಸುಧಾ ಲ್ಯಾಪ್‌ಟಾಪ್ ಎತ್ತಿಕೊಂಡು ಎದುರು ಮನೆಯ ಮರಾಠಿ ಹೆಂಗಸು ಕುಲಕರ್ಣಿ ಕಾಕು ಅವರಲ್ಲಿಗೆ ಹೋದಳು. ಅವರ ನೆಟ್ ಚೆನ್ನಾಗಿತ್ತು.

ಅಲ್ಲಿಗೆ ನಾನು ಸುಮ್ಮನಿರಬಹುದಿತ್ತು. ಆದರೆ ಅವಳು ಮರಳುವಷ್ಟರಲ್ಲಿ ದೋಷ ಹುಡುಕಿ ಮಾನ ಉಳಿಸಿಕೊಳ್ಳಬೇಕಲ್ಲ? ತಂತಿಯ ಜಾಡು ಹಿಡಿದು ಹೊರಟೆ. ಅದು ಮೆಟ್ಟಿಲ ಪಕ್ಕದ ಡಬ್ಬಿಯೊಂದಕ್ಕೆ ಹೋಗಿತ್ತು. ಒಳಗೆ ಶಾವಿಗೆಯ ಹಾಗೆ ತಂತಿಗಳು. ಸಡಿಲವಾಗಿ ಕಂಡದ್ದೊಂದನ್ನು ಎಳೆದು ನೋಡಿದೆ. ಕೈಗೇ ಬಂತು.

ಕುಲಕರ್ಣಿ ಕಾಕು ಬಾಗಿಲು ತೆರೆದರು. “ಅರೇ, ಆಮಚಂ ಪಣ ನೆಟ್ ಗೇಲಂ.” ಅವರ ನೆಟ್ಟೂ ಹೋಗಿತ್ತು, ಸಂದರ್ಶನ ಅರ್ಧಕ್ಕೇ ಕಡಿದಿತ್ತು.

ಅವರ ಹಿಂದೆ ಸುಧಾ. “ಏನು ಮುಟ್ಟಿದ್ರಿ?”

ಕೈಯಲ್ಲಿ ತಂತಿ ಹಿಡಿದುಕೊಂಡು “ಏನಿಲ್ಲ” ಎನ್ನಲು ವಿಶೇಷ ಪ್ರತಿಭೆ ಬೇಕು. ನಾನು ಅಂದೇಬಿಟ್ಟೆ.

ಅವಳು ಫೋನ್ ಹಿಡಿದು ಸಿಗ್ನಲ್ ಸಿಗುವ ಕಾಕುವಿನ ಬಾಲ್ಕನಿಗೆ ಹೋಗಿ ಉಳಿದ ಸಂದರ್ಶನ ಮುಗಿಸಿದಳು. ನಾನು ತಲೆ ತಗ್ಗಿಸಿ ಕೇಬಲ್‌ನವನಿಗೆ ಫೋನ್ ಮಾಡಿದೆ. ಎರಡೇ ನಿಮಿಷದಲ್ಲಿ ಬಂದ. ಬೆಳಿಗ್ಗೆಯಿಂದ ನಮ್ಮ ಕಟ್ಟಡದ ತಾರಸಿಯಲ್ಲೇ ಇದ್ದನಂತೆ.

“ಅಂಕಲ್, ಆಪ್ಕಾ ತಾರ್ ಬದಲ್ ರಹಾ ಥಾ. ದಸ್ ಮಿನಿಟ್ ಕಾ ಕಾಮ್,” ಎಂದು ಡಬ್ಬಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. “ಬಾಕೀ ಸಬ್ ಆಪ್ನೇ ಕಿಯಾ.” ಹತ್ತು ಗಂಟೆಗೆ ಅವನು ನಮ್ಮ ತಂತಿ ಬದಲಿಸುತ್ತಿದ್ದನಂತೆ, ಹತ್ತೇ ನಿಮಿಷದ ಕೆಲಸ; ಉಳಿದದ್ದೆಲ್ಲ ನಾನೇ ಮಾಡಿದ್ದಂತೆ.

ಸೋಮವಾರ ಸುಧಾಳಿಗೆ ಕೆಲಸ ಸಿಕ್ಕ ಸುದ್ದಿ ಬಂತು. ಮಾತು ಅರ್ಧಕ್ಕೇ ಕಡಿದರೂ ಗಾಬರಿಯಾಗದ ಅವಳ ತಾಳ್ಮೆಯನ್ನು ಪ್ರಿನ್ಸಿಪಾಲರು ಬಹಳ ಮೆಚ್ಚಿ, ಇದರ ಅಭ್ಯಾಸ ಎಲ್ಲಾಯಿತು ಎಂದು ಕೇಳಿದರಂತೆ.

“ಮನೆಯಲ್ಲೇ,” ಅಂದಳಂತೆ.