ಸದ್ದಿಲ್ಲದ ಕೋಣೆಯಲ್ಲಿ ಬಸ್ ಡ್ರೈವರ್

ಬಿ.ಸಿ.ರೋಡ್‌ನಲ್ಲಿ ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಕೇಳಿಸದ್ದನ್ನು ಕೇಳಿಸಿತು ಎನ್ನುವವರು, ಕೇಳಿಸಿದ್ದನ್ನು ಇಲ್ಲ ಎನ್ನುವವರು ವಾರಕ್ಕೆ ಇಬ್ಬರಾದರೂ ಬರುತ್ತಾರೆ. ಮುಂಡಾಜೆಯ ಬಸ್ ಡ್ರೈವರೊಬ್ಬರು ಒಂದು ವಾರ ಆ ಲೆಕ್ಕವನ್ನು ಒಬ್ಬರೇ ಮುಗಿಸಿದರು.

ತಯಾರಿ

ಹಿಂದಿನ ಗಾಡಿ ಎಷ್ಟು ಹಾರ್ನ್ ಹೊಡೆದರೂ ಇವರು ದಾರಿ ಬಿಡುವುದಿಲ್ಲ ಎಂದು ಯಾರೋ ದೂರು ಕೊಟ್ಟಿದ್ದರು. ನಮ್ಮ ಕಡೆ ಅದು ಕಿವಿಯ ದೋಷವಲ್ಲ. ಆದರೂ ಬಸ್ಸಿನ ಧಣಿ, ಕಿವಿ ಸರಿ ಉಂಟೆಂಬ ಕಾಗದ ತಾರದಿದ್ದರೆ ಸೋಮವಾರದಿಂದ ಬೇರೆ ಡ್ರೈವರ್ ಎಂದಿದ್ದರು.

ಹಿಂದಿನ ದಿನ ದೊಡ್ಡ ಸದ್ದು ಕೇಳಬೇಡಿ ಎಂದು ನಾನು ಫೋನಿನಲ್ಲಿ ಹೇಳಿದ್ದೆ. ಅವರು ಸಣ್ಣ ಸದ್ದನ್ನೂ ಬಿಟ್ಟಿದ್ದರು.

"ಕಿವಿಗೆ ಹತ್ತಿ ಇಟ್ಟು ಚಾಪೆಯಲ್ಲಿ ಮಲಗಿದ್ರು ಸರ್. ಮನೆಯಲ್ಲಿ ಎಲ್ಲರದ್ದೂ ಕೈಸನ್ನೆ," ಎಂದರು ಜೊತೆಗೆ ಬಂದಿದ್ದ ಹೆಂಡತಿ. "ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು, ಯಾರು ಹೋದದ್ದು ಅಂತ ಕೇಳಿದಳು."

"ನೀವು ಏನು ಹೇಳಿದಿರಿ?"

"ಮಾತಾಡುವ ಹಾಗಿರಲಿಲ್ಲವಲ್ಲ. ಇವರ ಕಡೆ ಕೈ ತೋರಿಸಿದೆ."

ಕೋಣೆ

ಪರೀಕ್ಷೆಯ ಕೋಣೆಗೆ ಹೊರಗಿನ ಸದ್ದು ಏನೂ ಹೋಗುವುದಿಲ್ಲ. ಬಾಗಿಲು ಹಾಕಿದ ಒಂದೇ ನಿಮಿಷಕ್ಕೆ ಡ್ರೈವರ್ ಹೊರಗೆ ಬಂದರು.

"ಒಳಗೆ ಬೇರೆ ಯಾರೋ ಇದ್ದಾರೆ ಸರ್. ಉಸಿರಾಡುವುದು ಕೇಳ್ತದೆ."

"ಅದು ನಿಮ್ಮದೇ ಉಸಿರು."

"ಡಬ್ ಡಬ್ ಅಂತ ಇನ್ನೊಂದು ಉಂಟಲ್ಲ?"

"ಅದು ನಿಮ್ಮ ಎದೆ."

ಇಪ್ಪತ್ತು ವರ್ಷ ಇಂಜಿನ್ನಿನ ಪಕ್ಕ ಕೂತವರಿಗೆ ಅದರ ಪರಿಚಯ ಇರಲಿಲ್ಲ. "ಸ್ವಲ್ಪ ಹೊತ್ತು ನಿಲ್ಲಿಸಲಿಕ್ಕೆ ಆಗ್ತದಾ?" ಎಂದರು.

ಆ ಸೌಲಭ್ಯ ನಮ್ಮಲ್ಲಿ ಇನ್ನೂ ಬಂದಿಲ್ಲ ಎಂದೆ.

ಪರೀಕ್ಷೆ

ಇಯರ್‌ಫೋನಿನಲ್ಲಿ ಕೀಂ ಎಂದಾಗಲೆಲ್ಲ ಅವರು ಗುಂಡಿ ಒತ್ತಬೇಕು. ಪ್ರತಿ ಸದ್ದಿಗೂ ಕಿಟಕಿಯ ಗಾಜಿನಾಚೆ ಅವರ ಮುಖ ಬಿಗಿಯಾಯಿತು. ಬೆರಳು ಮಾತ್ರ ಅಲ್ಲಾಡಲಿಲ್ಲ. ಮೂರು ಸದ್ದಿಗೆ ಒಮ್ಮೆ ಒತ್ತಿದರು. ಯಂತ್ರದ ಪ್ರಕಾರ ಇವರಿಗೆ ಬಸ್ಸಿರಲಿ, ಸೈಕಲನ್ನೂ ಕೊಡುವ ಹಾಗಿರಲಿಲ್ಲ.

ಒಳಗೆ ಹೋಗಿ ವಿಚಾರಿಸಿದೆ.

"ಎಲ್ಲ ಕೇಳ್ತದೆ ಸರ್," ಎಂದು ಪಿಸುಗುಟ್ಟಿದರು. "ಆದರೆ ಕಾಣದವರು ಕರೆದ ಕೂಡಲೇ ಓಗೊಡಬಾರದು ಅಂತ ನಮ್ಮಜ್ಜಿ ಹೇಳಿದ್ದಾರೆ. ಮನುಷ್ಯರಾದರೆ ಮೂರು ಸಲ ಕರೀತಾರೆ. ಬೇರೆಯದ್ದಾದರೆ ಎರಡಕ್ಕೇ ನಿಲ್ಲಿಸ್ತದೆ."

ಹೆಂಡತಿ ಬಾಗಿಲಿಗೆ ಬಂದರು. "ಬೇರೆಯದ್ದಕ್ಕೆ ನಿಮ್ಮನ್ನು ಕಟ್ಟಿಕೊಂಡು ಏನಾಗಬೇಕು ಮಾರಾಯ್ರೇ? ಸೋಮವಾರ ಬಸ್ಸು ಹೋಗ್ತದೆ. ಸುಮ್ಮನೆ ಒತ್ತಿ."

ಕಾಗದ

ಕೀಂ ಎನ್ನುವುದೆಲ್ಲ ನಾನೇ ಎಂದು ಮಾತು ಕೊಟ್ಟ ಮೇಲೆ ಎಲ್ಲದಕ್ಕೂ ಒತ್ತಿದರು. ಕಿವಿ ನನ್ನದಕ್ಕಿಂತ ಚೆನ್ನಾಗಿತ್ತು. ಕಾಗದ ಬರೆದು ಸಹಿ ಹಾಕಿ ಕೊಟ್ಟೆ. ಅದನ್ನು ಜೇಬಿಗಿಟ್ಟು ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ನಡುವೆ ಒಬ್ಬರು ಹೆಂಗಸು ಹೆಸರು ಹಿಡಿದು ಕರೆದರಲ್ಲ ಸರ್, ಅದಕ್ಕೆ ಒತ್ತಲಿಲ್ಲ. ಮಾರ್ಕ್ ಕಡಿಮೆ ಆಗ್ತದಾ?"

ಯಂತ್ರಕ್ಕೆ ಕೀಂ ಬಿಟ್ಟು ಬೇರೇನೂ ಬರುವುದಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಅವರ ಹೆಂಡತಿ ನನ್ನ ಪಕ್ಕದಲ್ಲೇ ಬಾಯಿ ಮುಚ್ಚಿ ಕೂತಿದ್ದರು.

"ನಿಮ್ಮ ಹೆಸರು ಹಿಡಿದಾ?" ಎಂದೆ.

"ಅಲ್ಲ, ನಿಮ್ಮದು. ನಿಮ್ಮನ್ನು ಕರೆದದ್ದಕ್ಕೆ ನಾನು ಯಾಕೆ ಒತ್ತುವುದು?"

"ಎಷ್ಟು ಸಲ ಕರೆದರು?"

"ಎರಡು," ಎಂದು ಹೇಳಿ ಅವರು ಸಮಾಧಾನದಿಂದ ಬಸ್ ಹತ್ತಲು ಹೋದರು.

ನಾನು ಆ ಕೋಣೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತೆ. ದಯವಿಟ್ಟು ಇನ್ನೊಂದು ಸಲ ಕರೆಯಲಿ ಎಂದು ಸಂಜೆಯವರೆಗೆ ಕಾದೆ.