ಹೊಲಿಗೆ ಅಕ್ಕಾರ ಖೋಖೋ

ನಮ್ಮ ಸೋದರತ್ತೆ ಜೀವಮಾನದಲ್ಲಿ ಒಂದು ಸಲವೂ ಓಡಿದವಳಲ್ಲ. ಮಳೆ ಬಂದರೆ, ಅಂಗಳದಲ್ಲಿ ಒಣಹಾಕಿದ ಶಾವಿಗೆ ತೆಗೆಯಲು ಕೂಡ ನಡೆದೇ ಹೋಗುತ್ತಿದ್ದಳು. ನವಲಗುಂದದ ಬಸ್ಸು ಹೊರಟಿದ್ದರೂ ಅಷ್ಟೇ. ದೂರದಿಂದಲೇ ಛತ್ರಿ ಎತ್ತಿ ತೋರಿಸಿ, ತನ್ನ ಪಾಡಿಗೆ ತಾನು ನಿಧಾನವಾಗಿ ಬರುತ್ತಿದ್ದಳು. ಓಡುತ್ತಿದ್ದವನು ಕಂಡಕ್ಟರ್, ಆಕೆಯ ಕೈಚೀಲ ಇಸಿದುಕೊಳ್ಳಲು! ಇಂಥ ಹೆಂಗಸು ಊರಿನ ಹುಡುಗಿಯರನ್ನೆಲ್ಲ ಓಡಲು ಹಚ್ಚಿದಳು ಎಂದರೆ ನಂಬುತ್ತೀರಾ? ಹೋಗಲಿ ಬಿಡಿ, ಓಡಿದವಳು ನಾನು, ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಎಂಬತ್ತರ ದಶಕದ ಮಾತು. ಮೊರಬದಿಂದ ಆಚೆ, ಎರೆಹೊಲಗಳ ನಡುವೆ ನಮ್ಮ ಊರು. ಅಲ್ಲಿಯ ಹೈಸ್ಕೂಲಿನಲ್ಲಿ ಅತ್ತೆ ಹೊಲಿಗೆ ಕಲಿಸುತ್ತಿದ್ದಳು; ಟೀಚರಮ್ಮನಿಗೆ ನಮ್ಮಲ್ಲಿ ಅಕ್ಕಾರು ಅನ್ನುತ್ತಾರೆ. ಕೊನೆಯ ಪೀರಿಯಡ್ಡಿನ ಗಂಟೆ ಬಾರಿಸಿದ್ದೇ ಹುಡುಗರು ಹೋ ಎಂದು ಮೈದಾನಕ್ಕೆ ಬೀಳುತ್ತಿದ್ದರು, ಹುಡುಗಿಯರು ಸಾಲು ಹಿಡಿದು ಅತ್ತೆಯ ಕೋಣೆಗೆ. ಅವರಿಗೆ ಡ್ರಿಲ್ಲು, ನಮಗೆ ಕರವಸ್ತ್ರದ ಮೂಲೆಯಲ್ಲೊಂದು ಗುಲಾಬಿ ಹೂವು. ಯಾರು ಹೀಗೆ ಗೊತ್ತು ಮಾಡಿದರೋ, ಯಾರೂ ಕೇಳಿರಲಿಲ್ಲ. ಹತ್ತನೆಯ ಇಯತ್ತೆ ಮುಗಿಸುವ ಹೊತ್ತಿಗೆ ಒಬ್ಬೊಬ್ಬ ಹುಡುಗಿಯ ಬಳಿಯೂ ಇಡೀ ಊರಿನ ಮೂಗು ಒರೆಸುವಷ್ಟು ಕರವಸ್ತ್ರಗಳಿರುತ್ತಿದ್ದವು!

ನಮ್ಮ ವರ್ಗದಲ್ಲಿ ಗಂಗವ್ವ ಎಂಬ ಹುಡುಗಿ ಇದ್ದಳು. ಅವರದು ಕುರಿ ಕಾಯುವ ಮನೆ. ಹೊಲಿಯಲು ಕೂತಳೆಂದರೆ ಸೂಜಿ ಮುರಿಯಿತೆಂದೇ ಲೆಕ್ಕ. ಒಂದು ದಿನ ಅತ್ತೆಗೆ ತಾಳ್ಮೆ ತಪ್ಪಿತು.

"ಯಾಕ ಬೇ ಗಂಗಿ, ಸೂಜಿ ಮ್ಯಾಲೆ ನಿನಗೇನು ಸಿಟ್ಟು?"

"ಸೂಜಿ ಮ್ಯಾಲಲ್ರಿ ಅಕ್ಕಾರ. ಹೊರಗ ಹುಡುಗರು ಖೋಖೋ ತಪ್ಪು ಆಡಾಕತ್ತಾರ್ರಿ. ಖೋ ಕೊಡೂದು ತಡಾ ಮಾಡ್ತಾರ. ನೋಡಿ ನೋಡಿ ನನ್ನ ಕೈ ತಡೀವಲ್ದು."

ನಾವೆಲ್ಲ ನಕ್ಕೆವು. ಅತ್ತೆ ನಗಲಿಲ್ಲ. ಕಿಟಕಿಯ ಬಳಿ ಹೋಗಿ ನಿಂತು ಮೈದಾನ ನೋಡಿದಳು. ಹೊರಳಿ ನಮ್ಮನ್ನು ನೋಡಿದಳು. ಆಮೇಲೆ ಛತ್ರಿ ಎತ್ತಿಕೊಂಡು ನೇರ ಹೆಡ್‌ಮಾಸ್ತರರ ಖೋಲಿಗೆ ನಡೆದಳು. ನಾವು ಬಿಡುತ್ತೇವೆಯೇ? ಹಿಂದೆಯೇ ಹೋಗಿ ಬಾಗಿಲಿಗೆ ಕಿವಿ ಹಚ್ಚಿದೆವು.

"ಸರ, ನಾಳಿಂದ ನನ್ನ ಹುಡುಗ್ಯಾರೂ ಆಡ್ತಾರ್ರಿ."

"ಆಡ್ಲಿ ಅಕ್ಕಾರ, ಆದ್ರ ಹುಡುಗ್ಯಾರಿಗೆ ಗ್ರೌಂಡ್ ಎಲ್ಲಿ ಐತ್ರಿ?"

"ಹುಡುಗರಿಗೆ ಎಲ್ಲಿ ಐತೋ ಅಲ್ಲೇ ಐತ್ರಿ."

ಹೆಡ್‌ಮಾಸ್ತರರು ಡ್ರಿಲ್ ಮಾಸ್ತರರನ್ನು ಕರೆಸಿದರು. ಅವರು ಬಂದವರೇ ಕೈ ಅಲ್ಲಾಡಿಸಿಬಿಟ್ಟರು. "ಹೆಣ್ಣುಮಕ್ಕಳಿಗೆ ಕಲಿಸೂದು ನನಗ ಬರೂದಿಲ್ರಿ."

"ಯಾಕ್ರಿ? ಹೆಣ್ಣುಮಕ್ಕಳ ಮೊಣಕಾಲು ಹಿಂದಕ್ಕ ಬಾಗ್ತಾವೇನ್ರಿ?"

ಮಾರನೆಯ ದಿನ ಮೈದಾನದ ನಡುವೆ ಸುಣ್ಣದ ಗೆರೆ ಬಿತ್ತು. ಅರ್ಧ ಅವರಿಗೆ, ಅರ್ಧ ನಮಗೆ. ಗೆರೆಯ ಮೇಲೆ ಒಂದು ಕುರ್ಚಿ, ಕುರ್ಚಿಯ ಮೇಲೆ ಛತ್ರಿ ಬಿಚ್ಚಿಕೊಂಡು ಅತ್ತೆ. ದಾಟಿ ಬರುವ ಧೈರ್ಯ ಯಾವ ಹುಡುಗನಿಗಿತ್ತು?

ಆದರೆ ಅತ್ತೆಗೆ ಖೋಖೋ ಎಲ್ಲಿ ಬರಬೇಕು? ಆಕೆಗೆ ಬರುತ್ತಿದ್ದುದು ಹೊಲಿಗೆ ಒಂದೇ. "ಕುಂತಾವ್ರು ಅರಬಿ, ಓಡಾಕಿ ಸೂಜಿ! ಒಂದ್ಸಲ ಈ ಕಡೆ ಒಳಗ ಹೋಗ್ರಿ, ಒಂದ್ಸಲ ಆ ಕಡೆ ಹೊರಗ ಬರ್ರಿ!" ಎಂದು ಕೂಗುತ್ತಿದ್ದಳು. ಅದೇನೋ ಸರಿ. ಆದರೆ ಬೆನ್ನಟ್ಟುವವಳಿಗೂ ಅದನ್ನೇ ಹೇಳಿದಾಗ, ದೂರದಲ್ಲಿ ಬೇವಿನ ಗಿಡದ ಕೆಳಗೆ ಮುಖ ತಿರುವಿ ನಿಂತಿದ್ದ ಡ್ರಿಲ್ ಮಾಸ್ತರರು ಸೀಟಿಯನ್ನು ಬಾಯಿಯ ತನಕ ಒಯ್ದು ಕೆಳಗಿಳಿಸಿದರು. ಮೊದಲ ದಿನ ತಡೆದುಕೊಂಡರು, ಎರಡನೆಯ ದಿನವೂ ತಡೆದುಕೊಂಡರು. ಮೂರನೆಯ ದಿನ ಧಾವಿಸಿ ಬಂದರು.

"ಅಕ್ಕಾರ, ಹಂಗಲ್ರಿ ಅದು! ಬೆನ್ನು ಹತ್ತಿದಾಕಿ ನಡುವ ದಾಟೂ ಹಂಗಿಲ್ರಿ!"

"ಹೌದೇನ್ರಿ? ಹಂಗಾರ ಹೆಂಗ್ರಿ? ಒಂದ್ಸಲ ತೋರಸ್ರಿ."

ತೋರಿಸಲು ಬಂದವರು ವರ್ಷ ಮುಗಿಯುವವರೆಗೂ ಕಲಿಸುತ್ತಲೇ ಇದ್ದರು. ಅತ್ತೆ ಬೇಕೆಂದೇ ತಪ್ಪು ಹೇಳಿದಳೋ, ನಿಜವಾಗಿ ಗೊತ್ತಿರಲಿಲ್ಲವೋ? ಕೇಳಿದರೆ, "ನನಗೇನು ತಿಳೀತದ, ನಾ ಹೊಲಿಗಿ ಅಕ್ಕಾರು" ಎನ್ನುತ್ತಿದ್ದಳು.

ಮುಂದಿನ ತೊಡಕು ಲಂಗದ್ದು. ಲಂಗ ಉಟ್ಟು ಓಡಿದರೆ ಎರಡು ಹೆಜ್ಜೆಗೊಮ್ಮೆ ಮಣ್ಣಿಗೆ ಮುತ್ತು! ನಮಗೆಲ್ಲ ಪಾಯಜಾಮ ಬೇಕು, ಅಷ್ಟು ಅರಬಿ, ಅಷ್ಟು ಬಟ್ಟೆ ಎಲ್ಲಿಂದ ತರಬೇಕು? ಅತ್ತೆಯ ಗಂಡ, ಅಂದರೆ ನಮ್ಮ ಮಾಮಾ, ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಮಾತು ಕಡಿಮೆ, ಮೈತುಂಬ ಹಿಟ್ಟು. ಒಂದು ಮುಂಜಾನೆ ಆತ ಟವೆಲು ಸುತ್ತಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತು ಕೇಳಿದ:

"ಏ, ನನ್ನ ಧೋತರ ಎಲ್ಲಿ ಹೋದುವು?"

"ಖೋಖೋ ಆಡಾಕ ಹೋಗ್ಯಾವ್ರಿ."

ಆ ಸಂಜೆ ಮಾಮಾ ಮೈದಾನಕ್ಕೆ ಬಂದ. ಓಡುವ ಹುಡುಗಿಯರ ಪಾಯಜಾಮಗಳನ್ನು ನೋಡುತ್ತ, ಧೋತರದ ಅಂಚಿನ ಗುರುತು ಹಿಡಿದು, "ಇದು ದೀಪಾವಳಿದು, ಅದು ಲಗ್ನದ್ದು" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಮರುದಿನವೂ ಬಂದ. ಅಷ್ಟೇ ಅಲ್ಲ, ಒಂದು ತಂಬಿಗೆ ನಿಂಬೆಹಣ್ಣಿನ ಪಾನಕವನ್ನೂ ತಂದ!

ಊರು ಸುಮ್ಮನಿರುತ್ತದೆಯೇ? ಒಂದು ರವಿವಾರ ಹಿರಿಯರೆಲ್ಲ ಅತ್ತೆಯ ಮನೆಯ ಕಟ್ಟೆಗೆ ಬಂದು ಕೂತರು. ಅತ್ತೆ ಚುರುಮುರಿ ಕೊಟ್ಟಳು, ಚಹಾ ಕೊಟ್ಟಳು. ಗೌಡರು ಬಾಯಿ ಒರೆಸಿಕೊಂಡು ವಿಷಯಕ್ಕೆ ಬಂದರು.

"ಅಲ್ಲ ತಂಗಿ, ಹಿಂಗ ಬಯಲಾಗ ಓಡೂ ಹುಡುಗ್ಯಾರನ್ನ ನಾಳೆ ಯಾರು ಲಗ್ನ ಮಾಡ್ಕೋತಾರವಾ?"

"ಮಾಡ್ಕೊಳ್ಳಾವ್ರು ಬೆನ್ನು ಹತ್ತಲಿ ಬಿಡ್ರಿ ಕಾಕಾ. ಹಿಡದ್ರ ಮಾಡ್ಕೊಳ್ಲಿ!"

ಕಟ್ಟೆಯ ಮೇಲೆ ಮೊದಲು ನಕ್ಕವರು ಗೌಡರೇ. ನಕ್ಕ ಮೇಲೆ ಬೈಯುವುದು ಹೇಗೆ? ಇನ್ನೊಂದು ಕಪ್ಪು ಚಹಾ ಕುಡಿದು ಎದ್ದುಹೋದರು.

ಆದರೆ ಎಲ್ಲರೂ ಹೋದ ಮೇಲೂ ಒಬ್ಬ ಮನುಷ್ಯ ಕಂಬಳಿ ಹೊದ್ದು ಅಂಗಳದಲ್ಲಿ ನಿಂತೇ ಇದ್ದ. ಗಂಗವ್ವನ ಅಪ್ಪ.

"ಅಕ್ಕಾರ, ನಾವು ಕುರಿ ಹೊಡ್ಕೊಂಡು ಕಲಘಟಗಿ ಕಡೆ ಅಡವಿಗೆ ಹೊಂಟೀವ್ರಿ. ಈ ಸಲ ಗಂಗೀನೂ ಬರ್ತಾಳ್ರಿ. ಊರಾಗ ಬಿಟ್ಟು ಹೋಗಾಕ ನಮ್ಮವ್ವನೂ ಈಗ ಇಲ್ಲ. ಮ್ಯಾಲೆ ಜನ ಬ್ಯಾರೆ ಆಡ್ಕೊಳ್ಳಾಕತ್ತಾರ."

ಗೌಡರಿಗೆ ಹೇಳಿದ ಹಾಗೆ ಅವನಿಗೆ ಚಟಾಕಿ ಹಾರಿಸಲು ಅತ್ತೆಗೆ ಆಗಲಿಲ್ಲ. "ನವಲಗುಂದದಾಗ ತಾಲೂಕು ಆಟ ಅದಾವು. ಅಲ್ಲೀತನಕ ತಡೀರಿ. ನೀವೂ ಬರ್ರಿ. ಒಂದ್ಸಲ ಮಗಳ ಆಟ ನೋಡ್ರಿ. ಆಮ್ಯಾಗ ನಿಮ್ಮ ಮನಸ್ಸು" ಎಂದಷ್ಟೇ ಅಂದಳು. ಅವನು ಕಂಬಳಿ ಎಳೆದು ಹೊದ್ದುಕೊಂಡು ನಡೆದುಬಿಟ್ಟ.

ನವಲಗುಂದಕ್ಕೆ ಹೋದೆವು. ಹುಡುಗಿಯರ ಖೋಖೋಗೆ ಬಂದ ತಂಡಗಳು ಎಷ್ಟು ಗೊತ್ತೇ? ಎರಡು. ಒಂದು ನಮ್ಮದು! ಮೊದಲ ಪಂದ್ಯವೇ ಫೈನಲ್. ನಾನು ನಿಂತ ಜಾಗದಲ್ಲೇ ಔಟಾದೆ. ನನ್ನ ಹಿಂದೆಯೇ ಉಳಿದವರೂ ಔಟಾದರು. ಕೊನೆಗೆ ಗಂಗವ್ವ ಒಬ್ಬಳೇ ಉಳಿದಳು. ಆಮೇಲೆ ನೋಡಬೇಕಿತ್ತು ನೀವು! ಸಾಲಿನಲ್ಲಿ ಹೊಕ್ಕು ಹೊರಬಂದು, ಕಂಬ ಸುತ್ತಿ, ಕೈಗೆ ಸಿಕ್ಕಳು ಅನ್ನುವಷ್ಟರಲ್ಲಿ ನುಣುಚಿ ಓಡಿದಳು. ಬೆನ್ನಟ್ಟಿದವರು ಕೈ ಚಾಚಿ ಮಣ್ಣಿಗೆ ಬೀಳುತ್ತಿದ್ದರು. ಸೀಟಿ ಊದುವ ತನಕ ಒಬ್ಬರಿಗೂ ಅವಳ ಜಡೆಯ ತುದಿಯೂ ಸಿಗಲಿಲ್ಲ. ಗೆರೆಯ ಆಚೆ ಅವಳಪ್ಪ ಕಂಬಳಿ ಜಾರಿ ಬಿದ್ದದ್ದೂ ತಿಳಿಯದೆ ನಿಂತಿದ್ದ.

ಪಂದ್ಯ ಮಾತ್ರ ನಾವು ಸೋತೆವು. ಒಬ್ಬಳು ಓಡಿದರೆ ಸಾಕೇ? ಅತ್ತೆ ನಮ್ಮನ್ನೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಸುತ್ತ ನಿಲ್ಲಿಸಿಕೊಂಡು ತಾಕೀತು ಮಾಡಿದಳು: "ಊರಾಗ ಯಾರರೆ ಕೇಳಿದ್ರ, ತಾಲೂಕಿಗೆ ಎರಡನೇ ನಂಬರ್ ಅನ್ರಿ. ಎಷ್ಟು ಟೀಮ್ ಬಂದಿದ್ದುವು ಅಂತ ಕೇಳಿದ್ರ, ಅಲ್ಲಿಂದ ಓಡ್ರಿ!"

ನಾವು ನಗುತ್ತಿರುವಾಗಲೇ ಗಂಗವ್ವನ ಅಪ್ಪ ಬಂದ. ಕೈಯಲ್ಲಿ ಅವಳ ಅರಬಿಯ ಗಂಟು. ಅಲ್ಲಿಂದಲೇ ಅಡವಿಗೆ ಕರೆದುಕೊಂಡು ಹೋಗಲು ತಯಾರಾಗಿಯೇ ಬಂದಿದ್ದನಂತೆ. ನಮ್ಮ ನಗು ನಿಂತಿತು. ಗಂಗವ್ವ ನೆಲ ನೋಡುತ್ತ ನಿಂತಳು.

ಅವನು ಗಂಟನ್ನು ಅತ್ತೆಯ ಕಡೆ ಚಾಚಿದ.

"ಕುರಿ ಹಿಂದ ಓಡಾಕ ನಾಯಿ ಅದಾವ್ರಿ. ಇಕಿ ನಿಮ್ಮ ಮನ್ಯಾಗ ಇದ್ದು ಸಾಲಿ ಕಲೀಲಿ ಅಕ್ಕಾರ. ನಡೀತದೇನ್ರಿ?"

ಹೆಡ್‌ಮಾಸ್ತರರಿಗೆ, ಡ್ರಿಲ್ ಮಾಸ್ತರರಿಗೆ, ಗೌಡರಿಗೆ, ಎಲ್ಲರಿಗೂ ತಕ್ಷಣ ಮಾತಿನಲ್ಲೇ ಉತ್ತರ ಕೊಟ್ಟ ಅತ್ತೆ ಛತ್ರಿಯನ್ನು ನನ್ನ ಕೈಗೆ ತುರುಕಿದಳು. ಆ ಗಂಟನ್ನು ಎರಡೂ ಕೈಯಿಂದ ಇಸಿದುಕೊಂಡು ಎದೆಗೆ ಒತ್ತಿಕೊಂಡಳು. ಊರು ಮುಟ್ಟುವ ತನಕ ಬಸ್ಸಿನಲ್ಲಿ ಅದನ್ನು ಕೆಳಗಿಡಲೇ ಇಲ್ಲ.

ಮರುದಿನ ಮುಂಜಾನೆ ಸಾಲೆಗೆ ಕರೆಯಲು ನಾನು ಅತ್ತೆಯ ಮನೆಗೆ ಹೋದೆ. ಒಳಗೆ ಮಾಮಾ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ತಾಟಿನ ಮೇಲೆ ತಾಟು ಮುಚ್ಚಿ ಇಡುತ್ತಿದ್ದ. ಹೊಸ್ತಿಲಲ್ಲಿ ಎಳೆ ಬಿಸಿಲು ಬಿದ್ದಿತ್ತು. ಅತ್ತೆ ಅಲ್ಲಿ ಕೂತು ಗಂಗವ್ವನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಲಗ್ನವಾಗಿ ಇಷ್ಟು ವರ್ಷಕ್ಕೆ ಆ ಮನೆಯಲ್ಲಿ ಜಡೆ ಹಾಕಿಸಿಕೊಳ್ಳಲು ಕೂತ ಮಗು ಅವಳೇ ಮೊದಲು. ಅತ್ತೆ ಹೆಣೆಯುತ್ತಿದ್ದಳು, ಸರಿಬರಲಿಲ್ಲವೆಂದು ಬಿಚ್ಚುತ್ತಿದ್ದಳು, ಮತ್ತೆ ಹೆಣೆಯುತ್ತಿದ್ದಳು. ತಾಲೂಕಿನಲ್ಲಿ ಯಾರ ಕೈಗೂ ಸಿಗದ ಹುಡುಗಿ ಕಣ್ಣು ಮುಚ್ಚಿ, ಒಂದಿಷ್ಟೂ ಅಲುಗದೆ ಕೂತಿದ್ದಳು.