ಈ ವಾರ ಯಾವ ಟೀಮು?

ಹ್ಯೂಸ್ಟನ್ನಿನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ಬಾಗಿಲು ತೆರೆದರೆ ಸಾಕು, ಏನಾದರೊಂದು ತಮಾಷೆ ನಡೆದೇ ತೀರುತ್ತಿತ್ತು. ಅಲ್ಲಿದ್ದವನು, ಚೆಂಡನ್ನು ಕೈಯಲ್ಲೇ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲಿನ ಆಟಗಾರ. ಹೆಸರಾಂತವನೇನಲ್ಲ. ಒಂದು ಟೀಮು ಕರೆಯುತ್ತಿತ್ತು, ಕೈಬಿಡುತ್ತಿತ್ತು. ಇವನು ಇನ್ನೊಂದಕ್ಕೆ ಹೊರಡುತ್ತಿದ್ದ. ಒಂದೇ ಟೀಮಿನಲ್ಲಿ ಇಡೀ ಒಂದು ಸೀಸನ್ ಆಡಬೇಕು ಅನ್ನುವುದಷ್ಟೇ ಅವನ ಆಸೆ. ಅದಕ್ಕಾಗಿ ಎಪ್ಪತ್ತರ ದಶಕದ ಆ ಸುಡುಬೇಸಿಗೆಗಳಲ್ಲಿ, ನಾವು ಏಸಿ ಬಿಟ್ಟು ಏಳದಿದ್ದಾಗ, ಅವನು ನಮ್ಮ ಕಾರನ್ನು ತಳ್ಳಿ ತಳ್ಳಿ ಅಭ್ಯಾಸ ಮಾಡುತ್ತಿದ್ದ. ಕಾರು ಸ್ಟಾರ್ಟ್ ಆಗದ ದಿನ ಇಬ್ಬರಿಗೂ ಅನುಕೂಲ.

ಬಸ್ಸು

ಒಮ್ಮೆ ಹ್ಯೂಸ್ಟನ್ ಟೀಮು ಸೀಸನ್ ನಡುವೆ ಕೈಬಿಟ್ಟಿತು, ಡಾಲಸ್ ಟೀಮು ಕರೆದುಕೊಂಡಿತು. ಮುಂದಿನ ವಾರವೇ ಡಾಲಸ್ಸಿನಲ್ಲಿ ಎರಡಕ್ಕೂ ಮ್ಯಾಚು. ಆಟ ಮುಗಿದ ಮೇಲೆ ಇವನು ಅಭ್ಯಾಸಬಲದಿಂದ ಹ್ಯೂಸ್ಟನ್ನಿನವರ ಬಸ್ಸು ಹತ್ತಿ ಕೂತುಬಿಟ್ಟ.

"ಇಳಿ ಅಂತ ಯಾರೂ ಅನ್ಲಿಲ್ವಾ?" ಅಂದರು ನಮ್ಮೆಜಮಾನರು.

"ಇಲ್ಲ ಡಾಕ್ಟ್ರೇ. 'ಕೂತ್ಕೋ, ಇವತ್ತು ನೀನು ಆಡಿದ್ದೂ ನಮಗೇ ಅನುಕೂಲ ಆಯ್ತು' ಅಂದ್ರು."

ಚೆಂಡು

ನಮ್ಮ ಜೊತೆಯಲ್ಲೇ ಇದ್ದ ನಮ್ಮತ್ತೆಯನ್ನು ಒಂದು ಮ್ಯಾಚಿಗೆ ಕರೆದುಕೊಂಡು ಹೋಗಿದ್ದೆವು. ಇವನದು ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆಯುವ ಕೆಲಸ. ಚೆಂಡು ಕೈಗೆ ಬರುವ ಪ್ರಶ್ನೆಯೇ ಇಲ್ಲ. ಅತ್ತೆಗೆ ಸಂಕಟ. ಮಾರನೆಯ ದಿನ ಕೋಡುಬಳೆ ತಟ್ಟೆ ಹಿಡಿದು ಅವನ ಬಾಗಿಲಿಗೆ ಹೋದರು. ದುಭಾಷಿ ನಾನು.

"ಒಂದು ಸಲವೂ ಚೆಂಡು ಕೊಡದವರ ಜೊತೆ ಯಾಕಪ್ಪಾ ಆಡ್ತೀಯ?"

"ಅಜ್ಜಿ, ಚೆಂಡು ಹಿಡಿದವನು ನನ್ನ ಹಿಂದೆ ಇರ್ತಾನೆ. ಅವನಿಗೆ ಏಟು ಬೀಳದ ಹಾಗೆ ನೋಡ್ಕೊಳ್ಳೋದೇ ನನ್ನ ಕೆಲಸ."

ಅತ್ತೆ ಅವನ ಸೊಟ್ಟ ಬೆರಳುಗಳನ್ನೇ ನೋಡಿದರು. "ಅಂದ್ರೆ ಮನೆಗೆ ಹಿರೇ ಸೊಸೆ ಇದ್ದ ಹಾಗೆ," ಅಂದರು.

ಅವರ ಮನೆಯ ಹಿರೇ ಸೊಸೆ ನಾನೇ. ಈ ಮಾತನ್ನು ಮಾತ್ರ ಎರಡೆರಡು ಸಲ ಅನುವಾದ ಮಾಡಿದೆ.

ಕಬಡ್ಡಿ

ಆಸ್ಟಿನ್ನಿನಲ್ಲಿ ಓದುತ್ತಿದ್ದ ನಮ್ಮ ಕನ್ನಡದ ವಿದ್ಯಾರ್ಥಿಗಳ ಪಿಕ್‌ನಿಕ್ಕಿಗೆ ಇವನೂ ಬಂದ. ಹುಡುಗರು ಕಬಡ್ಡಿಗೆ ಎಳೆದರು. ಸೊಂಟಕ್ಕೆ ಇಬ್ಬರು, ಕಾಲಿಗೆ ಇಬ್ಬರು ಜೋತುಬಿದ್ದರೂ ಅಷ್ಟೂ ಜನರನ್ನು ಎಳೆದುಕೊಂಡೇ ಗೆರೆ ದಾಟಿ, ಎರಡೂ ಕೈ ಎತ್ತಿದ. ಆದರೆ ಮಧ್ಯದಲ್ಲಿ ಉಸಿರು ಬಿಟ್ಟಿದ್ದ. "ಔಟ್!" ಅಂತ ಕೂಗಿದರು.

ಅವನು ನನ್ನ ಕಡೆ ತಿರುಗಿದ. "ಇಲ್ಲೂ ತೆಗೆದು ಹಾಕಿದ್ರಾ?"

ಹೋಗಿ ಬರ್ತೀನಿ

ಪ್ರತಿ ಬೇಸಿಗೆ ಟೀಮಿನವರು ಶಿಬಿರ ನಡೆಸಿ, ಬೇಡದವರನ್ನು ಮನೆಗೆ ಕಳಿಸುತ್ತಾರೆ. ಒಂದು ವರ್ಷ ಇವನು ಚೀಲ ಹಿಡಿದು, ನಾನು ಕಲಿಸಿದ್ದ ಅರೆಬರೆ ಕನ್ನಡದಲ್ಲಿ ಹೇಳಿ ಹೋಗಲು ಬಂದ. "ಹೋಗ್ತೀನಿ ಅಜ್ಜಿ."

ಅತ್ತೆ ಕಿವಿ ಮುಚ್ಚಿಕೊಂಡರು. "ಬಿಡ್ತು ಅನ್ನು! ಹೋಗ್ತೀನಿ ಅನ್ಬಾರದು. ಹೋಗಿ ಬರ್ತೀನಿ ಅನ್ನಬೇಕು."

ಪಾಪ, ಬಾಯಿಪಾಠ ಮಾಡಿ ಹಾಗೇ ಹೇಳಿ ಹೊರಟ. ತಿಂಗಳು ತುಂಬುವುದರೊಳಗೆ ಬಂದ. "ನೋಡ್ದ್ಯಾ, ಕೈಕಾಲು ಮುರ್ಕೊಳ್ದೆ ಬಂದ!" ಅಂತ ಅತ್ತೆ ಪಾಯಸ ಮಾಡಿದರು. ಮರುವರ್ಷವೂ ಹೇಳಿಸಿದರು. ಇನ್ನೂ ಬೇಗ ಬಂದ.

ಮೂರನೆಯ ವರ್ಷ, ಆ ಆನೆಯಂಥ ಆಳು ಬೂಟು ಕೈಯಲ್ಲಿ ಹಿಡಿದು ಬೆಕ್ಕಿನ ಹಾಗೆ ಮೆಟ್ಟಿಲಿಳಿಯುತ್ತಿದ್ದ. ಕಿಟಕಿಯಿಂದ ಅತ್ತೆ, "ಏ, ಹೇಳಿ ಹೋಗೋ!" ಅಂದದ್ದೇ ತಡ, ಓಟ ಕಿತ್ತ. ಅಂಥ ಓಟವನ್ನು ಮೈದಾನದಲ್ಲೂ ನಾವು ನೋಡಿರಲಿಲ್ಲ.

ಆ ವರ್ಷ ಡಾಲಸ್ಸಿನವರು ಅವನನ್ನು ಕೊನೆಯ ಮ್ಯಾಚಿನವರೆಗೂ ಇಟ್ಟುಕೊಂಡರು.

ಸೀಸನ್ ಮುಗಿಸಿ, ಒಂದು ಚೀಲ ಅಕ್ರೋಟಿನಂಥ ಪೆಕಾನ್ ಬೀಜ ಹಿಡಿದು ಕುಂಟುತ್ತಾ ಬಂದ. ಅತ್ತೆ ಮುಖ ಊದಿಸಿಕೊಂಡೇ ಬಾಗಿಲು ತೆರೆದರು. "ಅಜ್ಜಿಗೆ ಒಂದು ಮಾತು ಹೇಳಿ ಹೋಗೋದಕ್ಕೆ ಏನಾಗಿತ್ತೋ ನಿಂಗೆ?"

ಅವನು ಬಾಗಿ ಕೈಮುಗಿದ. "ಹೇಳಿದ್ರೆ ನೀವು ವಾಪಸ್ ಕರೆಸ್ಕೊಂಡುಬಿಡ್ತಿದ್ರಿ, ಅಜ್ಜಿ."